ಎಲ್ಲರೂ ಒಂದ್ಸಲ ಈ ಕಡೆ ನೋಡಿ

(ಛಾಯಾಗ್ರಹಣ ಕಲಿಯುತ್ತಿರುವ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ)

ನನಗೆ ಕೊಟ್ಟ ವಿಷಯ ‘ಸೃಜನಶೀಲತೆ, ಕಸುಬು ಮತ್ತು ವೃತ್ತಿ’. ಅಷ್ಟು ದೊಡ್ಡದು ನನ್ನ ಕೈಗೆ ದಕ್ಕುವುದಿಲ್ಲ. ಹಾಗಾಗಿ ಅದನ್ನು ಗ್ರೂಪ್ ಫೋಟೊಗೆ ಇಳಿಸಿಕೊಂಡು ಬಂದಿದ್ದೇನೆ. ನೋಡಿ, ಕೆಲವರು ಆಗಲೇ ನಕ್ಕಿರಿ. ನಗಬೇಕಾದ್ದೇ. ಗ್ರೂಪ್ ಫೋಟೊ ತೆಗೆಯಬೇಕು ಅಂತ ಆಸೆಪಟ್ಟು ಕ್ಯಾಮೆರಾ ಕೊಂಡವರು ಇಲ್ಲಿ ಒಬ್ಬರೂ ಇರಲಿಕ್ಕಿಲ್ಲ. ಕಬಿನಿಯ ಹುಲಿ, ಜೋಗದ ಮಂಜು, ಸಂತೆಯ ಮುಖಗಳು, ಇವೆಲ್ಲ ತಲೆಯಲ್ಲಿಟ್ಟುಕೊಂಡು ಬಂದಿರುತ್ತೀರಿ. ನಾನೂ ಹಾಗೇ ಬಂದವನು.

ಆದರೆ ನನ್ನದು ಮಲೆನಾಡಿನ ಒಂದು ತಾಲ್ಲೂಕು ಊರಿನ ಸ್ಟುಡಿಯೊ. ಅಂಗಡಿ ಬಾಡಿಗೆ, ಮಕ್ಕಳ ಫೀಸು, ಲೆನ್ಸಿನ ಕಂತು ಎಲ್ಲ ಹುಟ್ಟುವುದು ಮದುವೆ, ಉಪನಯನ, ಗೃಹಪ್ರವೇಶ, ಶಾಲೆಯ ಗ್ರೂಪ್ ಫೋಟೊ, ಪಾಸ್‌ಪೋರ್ಟ್ ಸೈಜ್ ಫೋಟೊಗಳಿಂದ. ಇವನ್ನೆಲ್ಲ ‘ಹೊಟ್ಟೆಪಾಡು’ ಅಂತ ಒಂದು ಕಡೆ ಇಟ್ಟು, ಭಾನುವಾರ ಬೆಳಿಗ್ಗೆ ಕೆರೆ ಏರಿ ಮೇಲೆ ತೆಗೆದದ್ದನ್ನು ‘ಕಲೆ’ ಅಂತ ಇನ್ನೊಂದು ಕಡೆ ಇಡುವ ಅಭ್ಯಾಸ ನಮ್ಮವರಲ್ಲಿ ಜಾಸ್ತಿ. ನನ್ನ ತಕರಾರು ಅಲ್ಲೇ ಇರುವುದು. ತಲೆ ಓಡಿಸಲು ಬೇಕಾದಷ್ಟು ಜಾಗ ಕಾಸು ಕೊಟ್ಟವರ ಕೆಲಸದೊಳಗೇ ಇದೆ. ಅದರಲ್ಲೂ ಎಲ್ಲಕ್ಕಿಂತ ಬೇಸರದ ಕೆಲಸ ಅಂತ ನೀವು ಅಂದುಕೊಂಡಿರುವ ಗ್ರೂಪ್ ಫೋಟೊದಲ್ಲಿ ಇದೆ. ಇವತ್ತು ಅದನ್ನೇ ಬಿಡಿಸಿ ತೋರಿಸುತ್ತೇನೆ.

ಶಾಲೆಯಿಂದ ಶುರು ಮಾಡೋಣ. ಹತ್ತನೇ ತರಗತಿ. ಐವತ್ತು ಮಕ್ಕಳು, ಹತ್ತು ಜನ ಮೇಷ್ಟ್ರು, ಮೇಡಮ್ಮುಗಳು. ನಿಮಗೆ ಸಿಗುವುದು ಒಂದು ಪೀರಿಯಡ್ಡು. ಅದರಲ್ಲಿ ಅರ್ಧ ಬೆಂಚು ಹೊರುವುದರಲ್ಲೇ ಹೋಗುತ್ತದೆ. ಧ್ವಜಕಟ್ಟೆ ಹತ್ತಿರ ನಿಲ್ಲಿಸಿ, ಹಿಂದೆ ಶಾಲೆಯ ಹೆಸರು ಕಾಣಬೇಕು ಅಂತ ಹೆಡ್‌ಮಾಸ್ಟರು ಹೇಳುತ್ತಾರೆ. ಕಟ್ಟಡ ಪೂರ್ವಕ್ಕೆ ಮುಖ ಮಾಡಿದ್ದರೆ ಬೆಳಿಗ್ಗೆ ಹತ್ತರ ಬಿಸಿಲು ನೇರ ಮಕ್ಕಳ ಕಣ್ಣಿಗೆ ಹೊಡೆಯುತ್ತದೆ. ಐವತ್ತು ಮಕ್ಕಳೂ ಹುಣಸೆಹಣ್ಣು ತಿಂದ ಹಾಗೆ ಮುಖ ಕಿವುಚಿ ನಿಂತಿರುತ್ತಾರೆ. ಯಾರೋ ಒಬ್ಬರು ‘ಮರದ ಕೆಳಗೆ ನಿಲ್ಸಿ’ ಅನ್ನುತ್ತಾರೆ. ಅದು ಇನ್ನೂ ಕೆಟ್ಟದ್ದು. ಎಲೆ ಸಂದಿಯಿಂದ ಬಿಸಿಲು ಚುಕ್ಕಿಚುಕ್ಕಿಯಾಗಿ ಬಿದ್ದು, ಒಬ್ಬನ ಮೂಗು ಬೆಳ್ಳಗೆ, ಪಕ್ಕದವಳ ಒಂದು ಕಣ್ಣು ಕತ್ತಲೆ.

ಇಲ್ಲಿ ಬೇಕಾಗಿರುವುದು ಹೊಸ ಲೆನ್ಸಲ್ಲ. ಹೆಡ್‌ಮಾಸ್ಟರ ಹತ್ತಿರ ಹೋಗಿ, ‘ಸರ್, ಮಧ್ಯಾಹ್ನ ಮೂರರ ಮೇಲೆ ಮಾಡೋಣ’ ಅಂತ ಒಪ್ಪಿಸಬೇಕು. ಆಗ ಸೂರ್ಯ ಕಟ್ಟಡದ ಹಿಂದಕ್ಕೆ ಹೋಗಿರುತ್ತದೆ. ಅದೇ ಧ್ವಜಕಟ್ಟೆ, ಅದೇ ಬೋರ್ಡು. ಎದುರಿಗಿನ ತೆರೆದ ಆಕಾಶದಿಂದ ಮೆತ್ತಗಿನ ಬೆಳಕು ಅರವತ್ತು ಮುಖಗಳ ಮೇಲೂ ಒಂದೇ ಸಮ ಬೀಳುತ್ತದೆ. ಅವರು ‘ಕೊನೇ ಪೀರಿಯಡ್ಡು ಗಣಿತ’ ಅಂತ ತಲೆ ಅಲ್ಲಾಡಿಸುತ್ತಾರೆ. ಗಣಿತದ ಮೇಷ್ಟ್ರನ್ನೂ ನೀವೇ ಒಪ್ಪಿಸಬೇಕು. ನನ್ನ ಕೇಳಿದರೆ ಫೋಟೊ ಅರ್ಧ ಆಗುವುದು ಸ್ಟಾಫ್ ರೂಮಿನಲ್ಲಿ.

ಇನ್ನು ಸಾಲುಗಳು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತವರು, ಕುರ್ಚಿಯಲ್ಲಿ ಮೇಷ್ಟ್ರುಗಳು, ಅವರ ಹಿಂದೆ ನಿಂತವರು, ಕೊನೆಗೆ ಬೆಂಚು ಹತ್ತಿದವರು. ನಾಲ್ಕು ಸಾಲು ಅಂದರೆ ಹಿಂದಕ್ಕೆ ಆಳ ಬಂತು. ಎಲ್ಲ ಮುಖಗಳೂ ಶಾರ್ಪ್ ಆಗಬೇಕಲ್ಲ? ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ, ಎಫ್8ರ ಆಸುಪಾಸು ಇರಲಿ. ಎಫ್ ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು, ಶಾರ್ಪ್ ಆಗಿ ಬರುವ ಆಳ ಹೆಚ್ಚು. ಫೋಕಸ್ ಕುರ್ಚಿ ಸಾಲಿನ ಕಣ್ಣಿಗೆ. ಶಟರ್ ಸೆಕೆಂಡಿನ 1/125ಕ್ಕಿಂತ ನಿಧಾನ ಬೇಡ, ಯಾಕೆಂದರೆ ಮಕ್ಕಳು ಯಾವತ್ತೂ ಸುಮ್ಮನೆ ನಿಲ್ಲುವುದಿಲ್ಲ. ಆಮೇಲೆ ನೀವು ಒಂದು ಮೇಜು ಹತ್ತಿ. ಕ್ಯಾಮೆರಾ ಮೇಲಕ್ಕೆ ಹೋದಷ್ಟೂ ಮುಂದಿನ ಸಾಲಿಗೂ ಹಿಂದಿನ ಸಾಲಿಗೂ ಇರುವ ದೂರದ ವ್ಯತ್ಯಾಸ ಕಡಿಮೆಯಾಗುತ್ತದೆ. ಹಿಂದಿನವರ ಗದ್ದ ಮುಂದಿನವರ ತಲೆಯ ಹಿಂದೆ ಅಡಗುವುದೂ ತಪ್ಪುತ್ತದೆ.

ಜಾಗ ಸಾಲದು ಅಂತ ಅಗಲ ನೋಟದ 24 ಎಂಎಂ ಲೆನ್ಸ್ ಹಾಕಿ ಹತ್ತಿರದಿಂದ ತೆಗೆಯುವವರಿದ್ದಾರೆ. ಹಾಗೆ ಮಾಡಿದರೆ ಅಂಚಿನಲ್ಲಿ ನಿಂತವರು ಅಡ್ಡಡ್ಡ ಎಳೆದ ಹಾಗೆ ಆಗುತ್ತಾರೆ. ಅಂಚಿಗೆ ಯಾರು ನಿಂತಿರುತ್ತಾರೆ ಹೇಳಿ? ನಾಚಿಕೆಯ ಮಕ್ಕಳು. ಮಧ್ಯಕ್ಕೆ ನುಗ್ಗಲು ಬಾರದವರು. ಮೊದಲೇ ಹಿಂಜರಿಯುವ ಹುಡುಗಿಗೆ ಜೀವನಪೂರ್ತಿ ಇಟ್ಟುಕೊಳ್ಳುವ ಫೋಟೊದಲ್ಲಿ ಉಬ್ಬಿದ ಮುಖ ಕೊಟ್ಟರೆ ಅದು ಅನ್ಯಾಯ. ಕಾಂಪೌಂಡಿನವರೆಗೆ ಹಿಂದಕ್ಕೆ ನಡೆಯಿರಿ, 50 ಎಂಎಂ ಅಥವಾ ಅದಕ್ಕೂ ಉದ್ದದ ಲೆನ್ಸ್ ಹಾಕಿ.

ಕಣ್ಣು ಮುಚ್ಚುವ ಸಮಸ್ಯೆ ನಿಮಗೆಲ್ಲ ಗೊತ್ತು. ಇದಕ್ಕೆ ಲೆಕ್ಕವನ್ನೇ ಮಾಡಿದವರಿದ್ದಾರೆ. ಆಸ್ಟ್ರೇಲಿಯಾದ ಸರ್ಕಾರಿ ವಿಜ್ಞಾನ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್‌ಒದ ನಿಕ್ ಸ್ವೆನ್ಸನ್ ಮತ್ತು ಪಿಯರ್ಸ್ ಬಾರ್ನ್ಸ್ ಅಂತ. ಯಾರ ಕಣ್ಣೂ ಮುಚ್ಚಿರದ ಒಂದು ಫೋಟೊ ಬೇಕಾದರೆ ಎಷ್ಟು ಸಲ ಕ್ಲಿಕ್ ಮಾಡಬೇಕು ಅನ್ನುವುದು ಅವರ ಪ್ರಶ್ನೆ. ಇಪ್ಪತ್ತಕ್ಕಿಂತ ಕಡಿಮೆ ಜನರಿದ್ದರೆ, ಒಳ್ಳೆಯ ಬೆಳಕಿನಲ್ಲಿ ತಲೆ ಎಣಿಸಿ ಮೂರರಿಂದ ಭಾಗಿಸಿ. ಬೆಳಕು ಕಡಿಮೆ ಇದ್ದರೆ ಎರಡರಿಂದ. ಅಂದರೆ ಹದಿನೆಂಟು ಜನಕ್ಕೆ ಬಿಸಿಲಲ್ಲಿ ಆರು ಫೋಟೊ, ಮಂದ ಬೆಳಕಲ್ಲಿ ಒಂಬತ್ತು. ಇದಕ್ಕೆ ಅವರಿಗೆ 2006ರಲ್ಲಿ ಗಣಿತದ ಇಗ್ ನೊಬೆಲ್ ಬಂತು. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆ ಕೊಡುವ ಬಹುಮಾನ ಅದು. ನಮಗೆ ಮಾತ್ರ ಅದು ನಗುವ ವಿಷಯವೇ ಅಲ್ಲ, ದಿನದ ಪಾಡು.

ಜನ ಹೆಚ್ಚಾದಂತೆ ಈ ಲೆಕ್ಕ ಕೈಕೊಡುತ್ತದೆ. ಅರವತ್ತು ಜನರಲ್ಲಿ ಯಾವ ಕ್ಷಣಕ್ಕೂ ಯಾರಾದರೂ ಒಬ್ಬರು ಕಣ್ಣು ಮಿಟುಕಿಸುತ್ತಲೇ ಇರುತ್ತಾರೆ. ಅಲ್ಲಿ ಹಳೆಯ ಉಪಾಯವೇ ಗತಿ. ಎಲ್ಲರೂ ಕಣ್ಣು ಮುಚ್ಚಿ ಅನ್ನಿ. ಮೂರು ಅಂದಾಗ ತೆರೆಯಲಿ, ತೆರೆದ ಮರುಕ್ಷಣ ಒತ್ತಿ. ಇದರ ಇನ್ನೊಂದು ಲಾಭ ಏನೆಂದರೆ ಕಣ್ಣು ಮುಚ್ಚಿಸಿದ ಕೂಡಲೇ ಯಾರಾದರೂ ಕಿಸಕ್ಕನೆ ನಗುತ್ತಾರೆ. ಅದು ಇಡೀ ಸಾಲಿಗೆ ಹರಡುತ್ತದೆ. ‘ಸ್ಮೈಲ್ ಪ್ಲೀಸ್’ ಅಂದರೆ ಬರುವ ನಗುವಿಗೂ ಇದಕ್ಕೂ ಹೋಲಿಕೆಯೇ ಇಲ್ಲ.

ಒಂದು ಸಣ್ಣ ಕೆಲಸ ಹೇಳಿ ಶಾಲೆಯನ್ನು ಬಿಡುತ್ತೇನೆ. ಫೋಟೊ ಕೆಳಗೆ ‘ನಿಂತವರು, ಎಡದಿಂದ ಬಲಕ್ಕೆ’ ಅಂತ ಹೆಸರು ಹಾಕುತ್ತೇವಲ್ಲ, ಅದನ್ನು ಒಂದು ವಾರ ಬಿಟ್ಟು ಕ್ಲಾಸ್ ಟೀಚರ್ ಹತ್ತಿರ ಕೇಳಿದರೆ ಮೂರು ಮಂಜುನಾಥರಲ್ಲಿ ಯಾರು ಎಲ್ಲಿ ನಿಂತಿದ್ದರು ಅಂತ ಅವರಿಗೂ ಗೊತ್ತಿರುವುದಿಲ್ಲ. ನಮ್ಮ ಹುಡುಗ ಫೋಟೊ ಆದ ತಕ್ಷಣ, ಸಾಲು ಚದುರುವ ಮೊದಲೇ, ಮೊಬೈಲ್ ರೆಕಾರ್ಡರ್ ಆನ್ ಮಾಡಿ ಎಡದಿಂದ ಬಲಕ್ಕೆ ನಡೆದುಬಿಡುತ್ತಾನೆ. ಒಬ್ಬೊಬ್ಬರೇ ತಮ್ಮ ಹೆಸರು ಹೇಳುತ್ತಾರೆ. ಎರಡು ನಿಮಿಷದ ಕೆಲಸ.

ಈಗ ಮದುವೆಗೆ ಬನ್ನಿ. ಇಲ್ಲಿ ಬೆಳಕಿನ ಕಥೆ ಬೇರೆ. ಛತ್ರದಲ್ಲಿ ಒಂದು ಕಡೆ ಹಳದಿ ಬಲ್ಬು, ಇನ್ನೊಂದು ಕಡೆ ಟ್ಯೂಬ್‌ಲೈಟು, ವೇದಿಕೆ ಮೇಲೆ ಬಣ್ಣ ಬದಲಾಯಿಸುವ ಎಲ್‌ಇಡಿ, ಅದರ ಮೇಲೆ ವಿಡಿಯೊದವರ ಲೈಟು. ನಮ್ಮ ಕರೆಂಟು 50 ಹರ್ಟ್ಜ್. ಅದರ ಮೇಲೆ ಉರಿಯುವ ಎಷ್ಟೋ ದೀಪಗಳು ಸೆಕೆಂಡಿಗೆ 100 ಸಲ ಹೆಚ್ಚುಕಡಿಮೆಯಾಗುತ್ತವೆ. ಕಣ್ಣಿಗೆ ತಿಳಿಯುವುದಿಲ್ಲ, ಕ್ಯಾಮೆರಾಕ್ಕೆ ತಿಳಿಯುತ್ತದೆ. ಶಟರ್ ವೇಗ 1/500 ಇಟ್ಟರೆ ಒಂದು ಫೋಟೊ ಬೆಳ್ಳಗೆ, ಮುಂದಿನದು ಮಂಕು, ಇನ್ನೊಂದರಲ್ಲಿ ಅಡ್ಡ ಪಟ್ಟಿ. ಫ್ಲ್ಯಾಶ್ ಇಲ್ಲದೆ ತೆಗೆಯುವಾಗ 1/50 ಅಥವಾ 1/100ಕ್ಕೆ ಕಟ್ಟಿಕೊಳ್ಳಿ, ಬಹಳಷ್ಟು ತೊಂದರೆ ಅಲ್ಲೇ ಮುಗಿಯುತ್ತದೆ. ಆದರೂ ಆ ದೊಡ್ಡ ಎಲ್‌ಇಡಿ ಪರದೆ ಇದೆಯಲ್ಲ, ವಧೂವರರ ಹೆಸರು ಹೊಳೆಯುವುದು, ಅದು ಯಾರ ಮಾತನ್ನೂ ಕೇಳುವುದಿಲ್ಲ. ಗ್ರೂಪ್ ತೆಗೆಯುವ ಹದಿನೈದು ನಿಮಿಷ ಅದನ್ನು ಆಫ್ ಮಾಡಿಸಿ. ಡೆಕೊರೇಷನ್‌ನವರು ಮುಖ ಊದಿಸಿಕೊಳ್ಳುತ್ತಾರೆ. ಕೊಳ್ಳಲಿ.

ಯಾವಾಗ ತೆಗೆಯಬೇಕು? ಧಾರೆ ಮುಗಿದು ಮೊದಲನೇ ಪಂಕ್ತಿ ಕೂರುವ ಮೊದಲು. ಊಟ ಆಯಿತೋ, ಮುಗೀತು. ಅರ್ಧ ಜನ ಬಸ್‌ಸ್ಟ್ಯಾಂಡಿನಲ್ಲಿ, ಇನ್ನರ್ಧ ಜನ ಎಲೆಅಡಿಕೆ ಹಾಕಿಕೊಂಡು ಗೋಡೆಗೆ ಒರಗಿರುತ್ತಾರೆ. ಯಾರನ್ನು ಯಾವ ಕ್ರಮದಲ್ಲಿ ಕರೆಯಬೇಕು ಅನ್ನುವುದನ್ನು ಮದುಮಕ್ಕಳ ಹತ್ತಿರ ಕೇಳಬೇಡಿ, ಅವರಿಗೆ ಆ ಹೊತ್ತಿನಲ್ಲಿ ತಮ್ಮ ಹೆಸರೂ ನೆನಪಿರುವುದಿಲ್ಲ. ಪ್ರತಿ ಮನೆಯಲ್ಲೂ ಎಲ್ಲರನ್ನೂ ಬಲ್ಲ ಒಬ್ಬ ಸೋದರತ್ತೆ ಇರುತ್ತಾರೆ. ಹಿಂದಿನ ದಿನವೇ ಅವರನ್ನು ಹುಡುಕಿಕೊಳ್ಳಿ. ಯಾವ ಅಣ್ಣತಮ್ಮಂದಿರು ಪಾಲಾದ ಮೇಲೆ ಮಾತು ಬಿಟ್ಟಿದ್ದಾರೆ, ಯಾವ ಬೀಗರಿಗೆ ಮೊದಲು ಕರೆಯದಿದ್ದರೆ ಸಿಟ್ಟು ಬರುತ್ತದೆ, ಎಲ್ಲ ಅವರ ನಾಲಿಗೆ ತುದಿಯಲ್ಲಿರುತ್ತದೆ. ಮಾತು ಬಿಟ್ಟ ಅಣ್ಣತಮ್ಮಂದಿರ ನಡುವೆ ಅಕ್ಕನನ್ನು ನಿಲ್ಲಿಸಿ. ಫೋಟೊದಲ್ಲಿ ಇಬ್ಬರೂ ಇರುತ್ತಾರೆ, ಯಾರ ಮಾನವೂ ಹೋಗುವುದಿಲ್ಲ. ನೀವು ಇದಕ್ಕೆ ಕಂಪೋಸಿಷನ್ ಅಂತೀರೋ ಇಲ್ಲವೋ ಗೊತ್ತಿಲ್ಲ, ನಾನಂತೂ ಅನ್ನುತ್ತೇನೆ.

ಇನ್ನೊಬ್ಬರಿದ್ದಾರೆ. ವೇದಿಕೆಗೆ ಬಾರದವರು. ನಮ್ಮ ಕಡೆ ಹೆಚ್ಚುಕಡಿಮೆ ಪ್ರತಿ ಮದುವೆಯಲ್ಲೂ ಕಂಬದ ಪಕ್ಕ ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿರುತ್ತಾರೆ. ಗಂಡ ತೀರಿಕೊಂಡ ಅಜ್ಜಿ. ಶುಭಕಾರ್ಯದಲ್ಲಿ ಮುಂದೆ ಬರಬಾರದು ಅಂತ ಯಾರೋ ಯಾವಾಗಲೋ ತಲೆಗೆ ತುಂಬಿದ್ದು, ಈಗ ಮನೆಯವರು ಯಾರೂ ಹಾಗೆ ಹೇಳದಿದ್ದರೂ ಅವರೇ ಹಿಂದೆ ಸರಿಯುತ್ತಾರೆ. ಕರೆದರೆ ‘ನಂಗೆಂತಕ್ಕೆ ಮಾರಾಯ ಫೋಟೊ, ನೀವೆಲ್ಲ ನಿಂತ್ಕಳಿ’ ಅನ್ನುತ್ತಾರೆ. ಎರಡನೇ ಸಲ ಕರೆದರೆ ಮೊಣಕಾಲು ನೋವು ಅನ್ನುತ್ತಾರೆ. ಮೂರನೇ ಸಲ ನಾನು ಕರೆಯುವುದಿಲ್ಲ, ಮದುಮಗನನ್ನೇ ಕಳಿಸುತ್ತೇನೆ. ಬಾಸಿಂಗ ಕಟ್ಟಿಕೊಂಡ ಮೊಮ್ಮಗ ಬಂದು ಕೈ ಹಿಡಿದರೆ ಇಲ್ಲ ಅನ್ನುವ ಅಜ್ಜಿಯನ್ನು ನಾನು ಈವರೆಗೆ ನೋಡಿಲ್ಲ. ಸೆರಗು ಸರಿ ಮಾಡಿಕೊಂಡು, ಕನ್ನಡಕ ತೆಗೆಯಲೋ ಇರಲೋ ಅಂತ ಎರಡು ಸಲ ಕೇಳಿ, ಕೊನೆಗೆ ತೆಗೆದು ಮುಷ್ಟಿಯಲ್ಲಿ ಹಿಡಿದು ಕೂರುತ್ತಾರೆ. ಕುರ್ಚಿ ಮಧ್ಯಕ್ಕೆ ಹಾಕಿರಬೇಕು. ಅಂಚಿಗಲ್ಲ.

ಇದು ಭಾವುಕತೆ ಅಂತ ನಿಮಗೆ ಅನಿಸಬಹುದು. ಹಾಗಾದರೆ ಅಂಗಡಿ ಕೌಂಟರಿನ ಕಡೆಯಿಂದ ಹೇಳುತ್ತೇನೆ. ನನ್ನ ಸ್ಟುಡಿಯೊಗೆ ತೀರ ಅವಸರದಲ್ಲಿ ಬರುವ ಗಿರಾಕಿ ಮದುವೆಯವರಲ್ಲ, ಸಾವಿನ ಮನೆಯವರು. ವೈಕುಂಠ ಸಮಾರಾಧನೆಗೆ ಹಾರ ಹಾಕಿ ಇಡಲು ಫೋಟೊ ಬೇಕು. ಮನೆಯಲ್ಲಿ ಒಂದೂ ಸರಿಯಾದದ್ದಿಲ್ಲ. ವೋಟರ್ ಐಡಿ ತರುತ್ತಾರೆ. ಗಾಜು ಒಡೆದ ಮೊಬೈಲ್ ತರುತ್ತಾರೆ. ಕೊನೆಗೆ ಯಾರದೋ ಮದುವೆ ಆಲ್ಬಂ ತಂದು, ಹಿಂದಿನ ಸಾಲಿನಲ್ಲಿ ಇನ್ನೊಬ್ಬರ ಭುಜದ ಹಿಂದೆ ಅರ್ಧ ಕಾಣುವ ಮುಖ ತೋರಿಸಿ, ‘ಇದನ್ನ ದೊಡ್ಡದು ಮಾಡಿ ಕೊಡಿ’ ಅನ್ನುತ್ತಾರೆ.

ಲೆಕ್ಕ ನೋಡಿ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಫೋಟೊ 6000 ಪಿಕ್ಸೆಲ್ ಅಗಲ. ಒಂದು ಸಾಲಿಗೆ ಹನ್ನೆರಡು ಜನ ನಿಂತರೆ ಒಬ್ಬೊಬ್ಬರ ಭುಜದ ಪಾಲಿಗೆ ಬರುವುದು 500 ಪಿಕ್ಸೆಲ್. ಅದನ್ನು ಎಂಟು ಇಂಚು ಅಗಲದ ಫ್ರೇಮಿಗೆ ಎಳೆದರೆ ಇಂಚಿಗೆ ಅರವತ್ತು ಚಿಲ್ಲರೆ ಚುಕ್ಕಿ. ಚೆನ್ನಾಗಿ ಬರಬೇಕಾದರೆ 300 ಬೇಕು. ಅದೂ ಫೋಕಸ್ ಸರಿಯಿದ್ದು, ಆ ಮನುಷ್ಯ ಲೆನ್ಸಿನ ಮಧ್ಯದಲ್ಲಿ ನಿಂತಿದ್ದರೆ. ಅಪರ್ಚರ್ ಎಫ್1.8ರಷ್ಟು ಅಗಲ ತೆರೆದು ಹಿಂದಿನ ಸಾಲನ್ನು ಮಸುಕು ಮಾಡಿ ಹಾಕಿದ್ದರೆ ದೇವರೇ ಗತಿ. ಹಿನ್ನೆಲೆ ಮಂಜಾಗಿ ಕಾಣಬೇಕು ಅನ್ನುವ ಹುಚ್ಚು ಈಗಿನ ಹುಡುಗರಿಗೆ ಬಹಳ. ಮದುವೆ ಮನೆಯಲ್ಲಿ ಆ ಹಿನ್ನೆಲೆ ಅಂದರೆ ಯಾರದೋ ಅಪ್ಪ.

ಹಾಗಾಗಿ ಗ್ರೂಪ್ ಮುಗಿದ ಮೇಲೆ ನಾನು ಹಿರಿಯರ ಹತ್ತಿರ ಒಂದು ಸುತ್ತು ಹೋಗುತ್ತೇನೆ. ಅವರು ಕೂತ ಜಾಗದಲ್ಲೇ, ಕಿಟಕಿ ಬೆಳಕು ಬರುವ ಕಡೆಗೆ ಸ್ವಲ್ಪ ಕುರ್ಚಿ ತಿರುಗಿಸಿ, 85 ಎಂಎಂ ಲೆನ್ಸಿನಲ್ಲಿ ಒಬ್ಬೊಬ್ಬರದು ಒಂದೆರಡು ಫೋಟೊ. ಪ್ಯಾಕೇಜಿನ ಪಟ್ಟಿಯಲ್ಲಿ ಇದಿಲ್ಲ. ಯಾಕೆ ತೆಗೆಯುತ್ತಿದ್ದೇನೆ ಅಂತ ಹೇಳಲಿಕ್ಕೂ ಆಗುವುದಿಲ್ಲ, ಅಲ್ವಾ? ‘ಅಜ್ಜ, ಮುಂದೆ ಬೇಕಾಗುತ್ತೆ’ ಅನ್ನಲಿಕ್ಕಾಗುತ್ತದೆಯೇ? ಆದರೆ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ‘ಒಂದು ಚಂದದ್ದು ತೆಗೆದಿಡಪ್ಪ, ಗೋಡೆಗೆ ಬೇಕಾಗ್ತದೆ’ ಅಂತ ಎಲೆಅಡಿಕೆ ಬಾಯಲ್ಲೇ ನಕ್ಕು ಹೇಳಿದವರಿದ್ದಾರೆ.

ಫೋಟೊದ ಬೆಲೆ ತೆಗೆದ ದಿನವೇ ಗೊತ್ತಾಗುವುದಿಲ್ಲ. ಇದು ಛತ್ರಕ್ಕೆ ಮಾತ್ರ ಅನ್ವಯಿಸುವ ಮಾತಲ್ಲ. ಹಂಪಿಯ ಕಲ್ಲಿನ ರಥ ಎಲ್ಲರಿಗೂ ಗೊತ್ತು. 50 ರೂಪಾಯಿ ನೋಟಿನ ಮೇಲೂ ಇದೆ. 1856ರಲ್ಲಿ ಅಲೆಗ್ಸಾಂಡರ್ ಗ್ರೀನ್‌ಲಾ ಅನ್ನುವ ಬ್ರಿಟಿಷ್ ಸೈನ್ಯಾಧಿಕಾರಿ ದೊಡ್ಡ ದೊಡ್ಡ ಕಾಗದದ ನೆಗೆಟಿವ್‌ಗಳ ಮೇಲೆ ಹಂಪಿಯನ್ನು ತೆಗೆದರು. ಆ ಚಿತ್ರದಲ್ಲಿ ರಥದ ತಲೆಯ ಮೇಲೆ ಇಟ್ಟಿಗೆಯ ಗೋಪುರ ಇದೆ. ಈಗ ಹೋಗಿ ನೋಡಿದರೆ ಅದಿಲ್ಲ. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅನ್ನುವ ಛಾಯಾಗ್ರಾಹಕರು ಅದೇ ಜಾಗಗಳಲ್ಲಿ ಕ್ಯಾಮೆರಾ ಇಟ್ಟು ಮತ್ತೆ ತೆಗೆದರು. ಎರಡನ್ನೂ ಅಕ್ಕಪಕ್ಕ ಇಟ್ಟರೆ ನೂರಿಪ್ಪತ್ತೈದು ವರ್ಷಗಳಲ್ಲಿ ಏನು ಬಿತ್ತು, ಏನು ಉಳಿಯಿತು ಅಂತ ಕಣ್ಣಿಗೆ ಕಾಣುತ್ತದೆ. ಕಾಗದದ ನೆಗೆಟಿವ್ ಉಳಿದಿದ್ದರಿಂದ ತಾನೇ ಇದೆಲ್ಲ? ನಿಮ್ಮ ಹಾರ್ಡ್ ಡಿಸ್ಕ್ ಅಷ್ಟು ವರ್ಷ ಉಳಿಯುತ್ತದೆಯೇ ಅಂತ ಮನೆಗೆ ಹೋಗಿ ಯೋಚಿಸಿ. ನಾನು ಮದುವೆಯ ಫೈಲುಗಳನ್ನು ಎರಡು ಡಿಸ್ಕಿನಲ್ಲಿ, ಎರಡು ಬೇರೆ ಕಟ್ಟಡಗಳಲ್ಲಿ ಇಡುತ್ತೇನೆ. ಗ್ರೂಪ್ ಫೋಟೊವನ್ನಂತೂ ಕಾಗದದ ಮೇಲೆ ಪ್ರಿಂಟ್ ಹಾಕಿಸಿಯೇ ಕೊಡುತ್ತೇನೆ, ಕೇಳಲಿ ಬಿಡಲಿ.

ಕಾಸಿನ ಕೆಲಸ, ಕಲೆಯ ಕೆಲಸ ಅನ್ನುವ ಜಗಳಕ್ಕೆ ವಾಪಸ್ ಬರುತ್ತೇನೆ. ಮೈಸೂರಿನ ಟಿ.ಎಸ್. ಸತ್ಯನ್ ಅವರ ಚಿತ್ರಗಳನ್ನು ನೋಡದವರಿದ್ದರೆ ದಯವಿಟ್ಟು ಹುಡುಕಿ ನೋಡಿ. 1923ರಲ್ಲಿ ಹುಟ್ಟಿ 2009ರಲ್ಲಿ ತೀರಿಕೊಂಡರು. 1948ರಲ್ಲಿ ಡೆಕ್ಕನ್ ಹೆರಾಲ್ಡ್ ಶುರುವಾದಾಗ ಅಲ್ಲಿ ಛಾಯಾಗ್ರಾಹಕರಾಗಿದ್ದರು. ಆಮೇಲೆ ಪತ್ರಿಕೆಗಳಿಗೆ, ಯುನಿಸೆಫ್‌ಗೆ, ವಿಶ್ವ ಆರೋಗ್ಯ ಸಂಸ್ಥೆಗೆ ಕೆಲಸ ಮಾಡಿದರು. ಸಿಡುಬು ನಿರ್ಮೂಲನೆಯ ಕಾಲದಲ್ಲಿ ಹಳ್ಳಿಹಳ್ಳಿ ತಿರುಗಿ ತೆಗೆದರು. ಅವರು ತೆಗೆದ ಮಕ್ಕಳ ಚಿತ್ರಗಳು 1979ರಲ್ಲಿ, ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ, ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶನಗೊಂಡವು. ಇವರ ದುಡಿಮೆಯಲ್ಲಿ ಎಷ್ಟೋ ಭಾಗ ಯಾರೋ ‘ಹೋಗಿ ಇದನ್ನು ತೆಗೆದುಕೊಂಡು ಬಾ’ ಅಂತ ಕಳಿಸಿದ ಕೆಲಸ. ಕಳಿಸಿದವರು ಕೇಳಿದ್ದನ್ನೂ ಕೊಟ್ಟರು, ಅದರ ಜೊತೆ ತಾವು ನೋಡಿದ್ದನ್ನೂ ಕೊಟ್ಟರು. ದೊಡ್ಡವರ ಜೊತೆ ನನ್ನನ್ನು ಹೋಲಿಸಿಕೊಳ್ಳುತ್ತಿಲ್ಲ, ತಪ್ಪು ತಿಳಿಯಬೇಡಿ. ಕೆಲಸ ಹೇಗೆ ನಡೆಯುತ್ತದೆ ಅಂತ ಹೇಳುತ್ತಿದ್ದೇನೆ ಅಷ್ಟೇ.

ಕೇಳಿದ್ದನ್ನು ಕೊಡಬಾರದ ಸಂದರ್ಭವೂ ಇದೆ. ‘ಸ್ವಲ್ಪ ಬೆಳ್ಳಗೆ ಮಾಡಿ’. ನಮ್ಮ ಸ್ಟುಡಿಯೊದಲ್ಲಿ ಇಷ್ಟು ಸಲ ಕೇಳಿದ ಮಾತು ಇನ್ನೊಂದಿಲ್ಲ. ಹುಡುಗಿ ನೋಡಲು ಬರುವವರಿಗೆ ಕಳಿಸುವ ಫೋಟೊ ಆದರಂತೂ ಅಮ್ಮಂದಿರು ಕಂಪ್ಯೂಟರ್ ಪಕ್ಕದಲ್ಲೇ ನಿಂತಿರುತ್ತಾರೆ. ಇದರಲ್ಲಿ ನಮ್ಮ ಯಂತ್ರಗಳ ಪಾಲೂ ಇದೆ. ಬಣ್ಣದ ಫಿಲ್ಮಿನ ಕಾಲದಲ್ಲಿ ಕೊಡಕ್ ಕಂಪನಿ ಲ್ಯಾಬುಗಳಿಗೆ ಬಣ್ಣ ಹೊಂದಿಸಲು ಒಂದು ಕಾರ್ಡ್ ಕೊಡುತ್ತಿತ್ತು. ಅದರಲ್ಲಿ ಬಿಳಿ ಹೆಂಗಸಿನ ಚಿತ್ರ. ಶರ್ಲಿ ಕಾರ್ಡ್ ಅಂತ ಅದಕ್ಕೆ ಹೆಸರು. ಆ ಚರ್ಮ ಸರಿ ಬಂದರೆ ಎಲ್ಲ ಸರಿ ಅಂತ ಲೆಕ್ಕ. ಈಗಿನ ಮೊಬೈಲಿನ ಬ್ಯೂಟಿ ಫಿಲ್ಟರು ಅದೇ ಜಾಡಿನಲ್ಲಿದೆ.

ಬೆಳಕು ಅಳೆಯುವ ಕ್ಯಾಮೆರಾದ ಮೀಟರ್‌ಗೆ ಯಾರು ಯಾರು ಅಂತ ಗೊತ್ತಾಗುವುದಿಲ್ಲ. ಅದು ಎಲ್ಲವನ್ನೂ ಒಂದು ನಡುವಿನ ಬೂದು ಬಣ್ಣಕ್ಕೆ ತರಲು ನೋಡುತ್ತದೆ. ಕಪ್ಪಗಿನ ಅಪ್ಪ ಬಿಳಿ ಪಂಚೆ, ಬಿಳಿ ಶಲ್ಯ ಹೊದ್ದು ನಿಂತಿದ್ದರೆ ಮೀಟರ್ ಪಂಚೆ ನೋಡಿ ಬೆಳಕು ಕಡಿಮೆ ಮಾಡುತ್ತದೆ, ಅಪ್ಪನ ಮುಖ ಇನ್ನೂ ಕಪ್ಪಾಗಿ ಕಣ್ಣು ಮೂಗು ಕಾಣದಂತಾಗುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ಎತ್ತಿದರೆ ಬೂದಿ ಬಳಿದ ಹಾಗೆ. ಮುಖಕ್ಕೆ ನೋಡಿ ಬೆಳಕು ಇಡಿ. ಒಂದು ಬದಿಯಿಂದ ದೊಡ್ಡ ಮೆತ್ತಗಿನ ಬೆಳಕು ಬರಲಿ, ಕೆನ್ನೆ ಮೇಲೆ ಸಣ್ಣ ಹೊಳಪು ಬೀಳಲಿ. ಕಪ್ಪು ಚರ್ಮದ ಚೆಲುವು ಇರುವುದೇ ಆ ಹೊಳಪಿನಲ್ಲಿ. ಹಾಗೆ ತೆಗೆದು ದೊಡ್ಡ ಪರದೆಯಲ್ಲಿ ತೋರಿಸಿದ ಮೇಲೆ ‘ಬೆಳ್ಳಗೆ ಮಾಡಿ’ ಅನ್ನುವವರು ಕಡಿಮೆಯಾಗುತ್ತಾರೆ. ಪೂರ್ತಿ ನಿಂತಿಲ್ಲ. ವಾದ ಮಾಡುವುದಕ್ಕಿಂತ ತೋರಿಸುವುದು ಮೇಲು ಅನ್ನುವಷ್ಟು ಮಟ್ಟಿಗೆ ನಿಂತಿದೆ.

ವೃತ್ತಿ ಬಗ್ಗೆ ಹೇಳಿ ಅಂತ ಸಂಘಟಕರು ಚೀಟಿ ಕಳಿಸಿದ್ದಾರೆ. ಸರಿ. ಆಷಾಢದಲ್ಲಿ ಮದುವೆ ಇಲ್ಲ, ಧನುರ್ಮಾಸದಲ್ಲಿ ಇಲ್ಲ. ವೈಶಾಖದ ದುಡ್ಡಿನಲ್ಲಿ ಆಷಾಢ ಕಳೆಯಬೇಕು ಅನ್ನುವುದನ್ನು ಮೊದಲ ವರ್ಷವೇ ಕಲಿತುಕೊಳ್ಳಿ. ಮುಂಗಡ ಅರ್ಧ ಬಾರದೆ ತಾರೀಕು ಬರೆದುಕೊಳ್ಳಬೇಡಿ, ನೆಂಟರಾದರೂ ಅಷ್ಟೇ, ನೆಂಟರಾದರೆ ಇನ್ನೂ ಅಷ್ಟೇ. ಪಾಸ್‌ಪೋರ್ಟ್ ಫೋಟೊವನ್ನು ನಂಬಿಕೊಂಡು ಅಂಗಡಿ ತೆರೆಯುವ ಕಾಲ ಹೋಯಿತು. ಆಧಾರ್ ಕೇಂದ್ರದಲ್ಲಿ ಅವರೇ ತೆಗೆಯುತ್ತಾರೆ, ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲೂ ಅಲ್ಲೇ ತೆಗೆಯುತ್ತಾರೆ. ಪಾಸ್‌ಪೋರ್ಟ್ ಫೋಟೊದ ಹೆಸರು ಉಳಿದಿದೆ, ಪಾಸ್‌ಪೋರ್ಟಿಗೇ ಅದು ಬೇಡವಾಗಿದೆ! ಈಗ ಬರುವವರು ಪರೀಕ್ಷೆ ಅರ್ಜಿಯವರು, ಬ್ಯಾಂಕಿನವರು.

ಮಲೆನಾಡಿನವರಿಗೆ ಒಂದು ವಿಶೇಷ ಸೂಚನೆ. ನಮ್ಮಲ್ಲಿ ಕ್ಯಾಮೆರಾದ ಮೊದಲ ಶತ್ರು ಕಳ್ಳನಲ್ಲ, ಬೂಷ್ಟು. ಮಳೆಗಾಲದ ಮೂರು ತಿಂಗಳು ಬ್ಯಾಗಿನಲ್ಲೇ ಇಟ್ಟ ಲೆನ್ಸನ್ನು ಬೆಳಕಿಗೆ ಹಿಡಿದು ನೋಡಿ. ಗಾಜಿನ ಒಳಗೆ ಜೇಡರ ಬಲೆಯ ಹಾಗೆ ಎಳೆಎಳೆ ಕಂಡರೆ ಅದು ಫಂಗಸ್ಸು. ಬಹಳ ದಿನ ಬಿಟ್ಟರೆ ಗಾಜಿನ ಮೇಲಿನ ಲೇಪನವನ್ನೇ ತಿನ್ನುತ್ತದೆ, ಆಮೇಲೆ ಒರೆಸಿದರೂ ಗುರುತು ಹೋಗುವುದಿಲ್ಲ. ತೇವಾಂಶ ಶೇಕಡ 40ರಿಂದ 50ರ ನಡುವೆ ಇಡುವ ಡ್ರೈ ಕ್ಯಾಬಿನೆಟ್ ಸಿಗುತ್ತದೆ. ಅದು ಆಗದಿದ್ದರೆ ಗಾಳಿಯಾಡದ ಡಬ್ಬ, ಅದರೊಳಗೆ ಸಿಲಿಕಾ ಜೆಲ್. ಚರ್ಮದ ಚೀಲದಲ್ಲಂತೂ ಇಡಲೇಬೇಡಿ. ಎಲ್ಲಕ್ಕಿಂತ ಒಳ್ಳೆಯದು ಲೆನ್ಸನ್ನು ವಾರಕ್ಕೊಮ್ಮೆಯಾದರೂ ಹೊರಗೆ ತಂದು ಬಳಸುವುದು. ಕೆಲಸ ಇಲ್ಲದಿದ್ದರೆ ನಿಮ್ಮ ಮನೆಯವರನ್ನೇ ಕೂರಿಸಿ ತೆಗೆಯಿರಿ. ಫೋಟೊಗ್ರಾಫರ್ ಮನೆಯ ಆಲ್ಬಮ್ಮೇ ಯಾವಾಗಲೂ ಖಾಲಿ.

ಇನ್ನೊಂದು, ಹಕ್ಕಿನ ವಿಷಯ. ನಾನೇ ತೆಗೆದದ್ದು, ನಂದೇ ಅಂತ ಬಹಳ ಜನ ಅಂದುಕೊಂಡಿದ್ದಾರೆ. 1957ರ ಹಕ್ಕುಸ್ವಾಮ್ಯ ಕಾಯ್ದೆ ಹಾಗೆ ಹೇಳುವುದಿಲ್ಲ. ಯಾರಾದರೂ ದುಡ್ಡು ಕೊಟ್ಟು ತಮಗಾಗಿ ಫೋಟೊ ತೆಗೆಸಿದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ಅದರ ಮೊದಲ ಹಕ್ಕುದಾರರು ತೆಗೆಸಿದವರು. ಆದ್ದರಿಂದ ಮದುವೆ ಫೋಟೊವನ್ನು ನಿಮ್ಮ ಇನ್‌ಸ್ಟಾಗ್ರಾಮಿಗೆ ಹಾಕಬೇಕಿದ್ದರೆ ಬುಕಿಂಗ್ ಫಾರ್ಮಿನಲ್ಲೇ ಒಂದು ಸಾಲು ಬರೆಸಿ ಸಹಿ ಹಾಕಿಸಿಕೊಳ್ಳಿ. ಕಾನೂನು ಇರಲಿ, ಕೇಳುವುದು ಮರ್ಯಾದೆ ಕೂಡ.

ಅಲ್ಲಿ ಹಿಂದಿನ ಸಾಲಿನಿಂದ ಒಂದು ಪ್ರಶ್ನೆ ಬಂದಿದೆ. ‘ಸರ್, ಕಣ್ಣು ಮುಚ್ಚಿದವರ ಕಣ್ಣನ್ನು ಈಗ ಎಐ ತೆರೆಸುತ್ತದಲ್ಲ, ಇಷ್ಟೆಲ್ಲ ಕಷ್ಟ ಯಾಕೆ?’ ಒಳ್ಳೆಯ ಪ್ರಶ್ನೆ. ಹೌದು, 2023ರಿಂದ ಗೂಗಲ್ ಪಿಕ್ಸೆಲ್ ಫೋನಿನಲ್ಲೇ ಆ ಸೌಲಭ್ಯ ಇದೆ, ಒಂದು ಕ್ಲಿಕ್ಕಿನ ಮುಖ ತೆಗೆದು ಇನ್ನೊಂದಕ್ಕೆ ಕೂರಿಸುತ್ತದೆ. ಫೋಟೊಶಾಪಿನಲ್ಲಿ ಕೈಯಿಂದ ನಾವು ಮೊದಲೇ ಅದನ್ನು ಮಾಡುತ್ತಿದ್ದೆವು. ಐದು ಸೆಕೆಂಡ್ ಹಿಂದಿನ ಅದೇ ಮನುಷ್ಯನ ಅದೇ ಕಣ್ಣು ಹಾಕಿದರೆ ನನ್ನ ಅಭ್ಯಂತರ ಇಲ್ಲ. ಇಲ್ಲದ್ದನ್ನು ಹುಟ್ಟಿಸುವುದು ಬೇರೆ.

ಒಬ್ಬರು ತಮ್ಮ ತಾಯಿಯ ಹಳೆಯ ಕಪ್ಪುಬಿಳುಪು ಫೋಟೊ ತಂದಿದ್ದರು. ಬೆರಳುಗುರುತಿನಷ್ಟು ದೊಡ್ಡ ಮುಖ, ತೇವಕ್ಕೆ ಮಾಸಿದ್ದು. ನಮ್ಮ ಹುಡುಗ ಅದನ್ನು ಯಾವುದೋ ಆ್ಯಪಿಗೆ ಹಾಕಿ ಕ್ಷಣದಲ್ಲಿ ಥಳಥಳ ಹೊಳೆಯುವ ಚಿತ್ರ ತೆಗೆದ. ರೆಪ್ಪೆ ಎಳೆಎಳೆ ಕಾಣುತ್ತಿತ್ತು. ಹಲ್ಲು ಸಾಲಾಗಿತ್ತು. ಮಗ ನೋಡಿ, ‘ಚೆನ್ನಾಗಿದೆ. ಆದ್ರೆ ಇವರು ಯಾರು?’ ಅಂದರು. ಅವರ ತಾಯಿಗೆ ಮುಂದಿನ ಹಲ್ಲೊಂದು ಸ್ವಲ್ಪ ಹೊರಗೆ ಬಂದಿತ್ತಂತೆ. ಹಳೆಯ ಫೋಟೊದಲ್ಲಿ ಅದು ಮಸುಕಾಗಿಯಾದರೂ ಇತ್ತು. ಯಂತ್ರ ಅದನ್ನು ಕೊಳೆ ಅಂದುಕೊಂಡು ಸರಿ ಮಾಡಿಬಿಟ್ಟಿತು.

ಈಗ ನಮ್ಮ ಅಂಗಡಿಯಲ್ಲಿ ಹೀಗೆ ಮಾಡುತ್ತೇವೆ. ಗೀರು, ಗೆದ್ದಲು ತಿಂದ ಅಂಚು, ನೀರಿನ ಕಲೆ, ಹಿನ್ನೆಲೆ ಇವನ್ನೆಲ್ಲ ಯಾವ ಸಾಫ್ಟ್‌ವೇರ್ ಬಳಸಿಯಾದರೂ ಸರಿ ಮಾಡುತ್ತೇವೆ. ಮುಖವನ್ನು ಕೈಯಲ್ಲೇ, ನಿಧಾನಕ್ಕೆ, ಮನೆಯವರೊಬ್ಬರನ್ನು ಪಕ್ಕ ಕೂರಿಸಿಕೊಂಡು. ಅದಕ್ಕೆ ದರ ಜಾಸ್ತಿ. ಜಾಸ್ತಿ ಯಾಕೆ ಅಂತ ಕೇಳಿದವರಿಗೆ ಎರಡೂ ಪ್ರಿಂಟ್ ಕೌಂಟರಿನ ಮೇಲೆ ಇಟ್ಟು ತೋರಿಸುತ್ತೇವೆ. ಅಗ್ಗದ್ದೇ ಸಾಕು ಅಂದರೆ ಅದನ್ನೂ ಮಾಡಿಕೊಡುತ್ತೇವೆ, ಆದರೆ ಮೂಲ ಫೋಟೊವನ್ನು ಬಿಸಾಡಬೇಡಿ ಅಂತ ಹೇಳಿ ಅದೇ ಕವರಿನಲ್ಲಿ ಹಾಕಿ ಕಳಿಸುತ್ತೇವೆ.